ತುಮಕೂರಿನ ಹಳಿಗಳು, ಚಿಕ್ಕಬಾಣಾವರದ ಇಕ್ಕಟ್ಟು

ತುಮಕೂರಿನಿಂದ ಬೆಂಗಳೂರಿಗೆ ದಿನವೂ ಓಡಾಡುವ ಪಾಸಿನವರನ್ನು ಕೇಳಿ ನೋಡಿ, ಗಾಡಿ ತಡವಾಗುವುದಕ್ಕೆ ಅವರ ಬಳಿ ಎರಡೇ ಕಾರಣ. ಒಂದು, ಮುಂದೆ ಗೂಡ್ಸ್ ಇದೆ. ಇನ್ನೊಂದು, ಹಿಂದೆ ವಂದೇ ಭಾರತ್ ಬರುತ್ತಿದೆ. ಎರಡೂ ಸುಳ್ಳಲ್ಲ. ಆದರೆ ಎರಡನ್ನೂ ಕೂಡಿಸಿದರೂ ಪೂರ್ತಿ ಉತ್ತರ ಸಿಗುವುದಿಲ್ಲ. ಬೆಂಗಳೂರು–ತುಮಕೂರು ಜೋಡಿ ಹಳಿಯಾಗಿ ಎಷ್ಟೋ ವರ್ಷವಾಯಿತು. ತುಮಕೂರು–ಅರಸೀಕೆರೆ ನಡುವಿನ 96 ಕಿ.ಮೀ. ಕೂಡ ಹಂತಹಂತವಾಗಿ ಜೋಡಿಯಾಯಿತು. ವಿದ್ಯುತ್ ತಂತಿ ಬಂತು. ಹಾಸನಕ್ಕೆ ಕುಣಿಗಲ್ ಮೇಲೆ ಬೇರೆಯದೇ ದಾರಿ ತೆರೆಯಿತು. ಇಷ್ಟೆಲ್ಲ ಆದ ಮೇಲೂ ಯಶವಂತಪುರ ಇನ್ನೇನು ಬಂತು ಎಂದು ಜನ ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲಿಗೆ ಬಂದು ನಿಂತ ಹೊತ್ತಿಗೇ ಗಾಡಿ ನಿಲ್ಲುತ್ತದೆ. ಯಾಕೆ?

ಗೂಡ್ಸ್ ಗಾಡಿಯನ್ನು ಬೈಯುವುದು ಸುಲಭ, ಅದಕ್ಕೆ ಬಾಯಿ ಇಲ್ಲ, ಮತವೂ ಇಲ್ಲ. ನನ್ನ ಮಟ್ಟಿಗೆ ಅದು ಅಪರಾಧಿಗಿಂತ ಹೆಚ್ಚಾಗಿ ಸಾಕ್ಷಿ. ಹಳಿ ಎಲ್ಲಿ ಸಾಲದೆ ಬಂದಿದೆ ಎಂಬುದನ್ನು ಅದು ನಿಂತ ಜಾಗವೇ ತೋರಿಸಿಕೊಡುತ್ತದೆ. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಊರಿನ ರೈಲು ತಾಪತ್ರಯವನ್ನು ಒಟ್ಟಿಗೆ ಇಟ್ಟು ನೋಡಿದರೆ ಕೈ ತೋರುವುದು ತುಮಕೂರಿನತ್ತಲೂ ಅಲ್ಲ, ಗುಬ್ಬಿಯತ್ತಲೂ ಅಲ್ಲ, ಬೆಂಗಳೂರಿನ ಅಂಚಿನ ಚಿಕ್ಕಬಾಣಾವರದತ್ತ.

ಈ ದಾರಿ ಹುಟ್ಟಿದ್ದೇ ಸರಕಿನ ಸಲುವಾಗಿ ಎಂಬುದನ್ನು ಮೊದಲು ನೆನಪಿಸಿಕೊಳ್ಳಬೇಕು. ಮೈಸೂರು ಸಂಸ್ಥಾನದ ರೈಲ್ವೆ 1876–78ರ ಭೀಕರ ಬರಗಾಲದ ಬೆನ್ನಿಗೆ ಬಂದದ್ದು. ಬೆಂಗಳೂರು–ಮೈಸೂರು ನಡುವೆ ಮೀಟರ್ ಗೇಜ್ ಹಳಿ ಹಾಸಿದ್ದು ಬರ ಪರಿಹಾರದ ಕಾಮಗಾರಿಯಾಗಿ. ಆ ದಾರಿ 1882ಕ್ಕೆ ಮುಗಿದ ಮೇಲೆ ಹಳಿ ವಾಯವ್ಯಕ್ಕೆ ತಿರುಗಿ 1884ರಲ್ಲಿ ತುಮಕೂರು ಮುಟ್ಟಿ ಗುಬ್ಬಿಯಲ್ಲಿ ನಿಂತಿತು. ಜಿಲ್ಲಾ ಕೇಂದ್ರವನ್ನು ದಾಟಿ ಗುಬ್ಬಿಯಲ್ಲೇ ಯಾಕೆ ನಿಂತಿತು ಎನ್ನುವುದು ಈಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಆ ಕಾಲದಲ್ಲಿ ಗುಬ್ಬಿ ಹೆಸರಾದ ಪೇಟೆ. ಟಿಪ್ಪು ಮಡಿದ ಮರುವರ್ಷ ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಕೂಡ ಗುಬ್ಬಿಯ ವ್ಯಾಪಾರವನ್ನು ಗಮನಿಸಿ ಬರೆದಿದ್ದಾನೆ. ಅಡಿಕೆ, ಕೊಬ್ಬರಿ, ಬಟ್ಟೆ ಕೈ ಬದಲಾಗುತ್ತಿದ್ದ ಸಂತೆಯ ಊರು ಅದು. ಹಳಿಗೆ ಬೇಕಿದ್ದದ್ದು ಮೂಟೆ, ಮೂಟೆ ಇದ್ದದ್ದು ಗುಬ್ಬಿಯಲ್ಲಿ. (ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದೂ ಅದೇ 1884ರಲ್ಲಿ. ಪರದೆ, ಪೆಟ್ಟಿಗೆ, ನಟರನ್ನು ಕಟ್ಟಿಕೊಂಡು ಊರೂರು ಸುತ್ತುವ ಕಂಪನಿಗೆ ಮನೆ ಬಾಗಿಲಿಗೆ ರೈಲು ಬಂದದ್ದು ಎಷ್ಟು ಅನುಕೂಲವಾಗಿರಬೇಡ.) ಮುಂದೆ ಸಂಸ್ಥಾನದ ಖಜಾನೆ ಸಾಲದೆ ಹೊಣೆ ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಹೋಯಿತು. ಆ ಕಂಪನಿ ಗುಬ್ಬಿಯಿಂದ ತಿಪಟೂರು, ಅರಸೀಕೆರೆ ಮೇಲೆ ಹರಿಹರದವರೆಗೆ ದಾರಿಯನ್ನು 1889ಕ್ಕೆ ಮುಗಿಸಿತು.

ಆಗ ಸರಕು ಬೇರೆ, ಜನ ಬೇರೆ ಎಂಬ ಗೊಡವೆಯೇ ಇರಲಿಲ್ಲ. ಅದೇ ಗಾಡಿಗೆ ನಾಲ್ಕು ಬೋಗಿ ಜನ, ಹಿಂದೆ ಹತ್ತು ವ್ಯಾಗನ್ ಸಾಮಾನು. ಹೊತ್ತಾದರೆ ಎಲ್ಲರಿಗೂ ಹೊತ್ತು. ತಗಾದೆ ಶುರುವಾದದ್ದು ಬ್ರಾಡ್ ಗೇಜ್ ಬಂದ ಮೇಲೆ. 1990ರ ದಶಕದಲ್ಲಿ ಬೆಂಗಳೂರು–ಹುಬ್ಬಳ್ಳಿ ದಾರಿ ಅಗಲವಾಯಿತು, ಗಾಡಿಗಳ ವೇಗ ಏರಿತು, ಗೂಡ್ಸ್ ಗಾಡಿಗಳ ಉದ್ದವೂ ತೂಕವೂ ಹಲವು ಪಟ್ಟಾಯಿತು. ಒಂದೇ ಹಳಿಯ ಮೇಲೆ ಓಡುವ ಗಾಡಿಗಳ ನಡುವೆ ಅಂತರ ಬೆಳೆದದ್ದು ಅಲ್ಲಿಂದ.

ಈಗ ಈ ದಾರಿಯ ಮೇಲೆ ಹೋಗುವ ಸರಕು ಯಾವುದು? ತಿಪಟೂರಿನ ಕೊಬ್ಬರಿ ಎಂದೋ ಲಾರಿ ಹತ್ತಿತು. ಗುಬ್ಬಿಯ ಅಡಿಕೆಯೂ ಅಷ್ಟೇ. ಉಳಿದಿರುವುದು ಲಾರಿಗೆ ಗಿಟ್ಟದ ಭಾರದ ಸಾಮಾನು: ಪಡಿತರದ ಅಕ್ಕಿ, ಗೊಬ್ಬರ, ಸಿಮೆಂಟು, ಕಲ್ಲಿದ್ದಲು, ಉಕ್ಕು, ಕಂಟೇನರು. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ಸಿಮೆಂಟ್ ಕಾರ್ಖಾನೆ ಬಂದದ್ದೂ ಈ ಹಳಿಯ ಮಗ್ಗುಲಲ್ಲೇ. ಬಳ್ಳಾರಿ ಸೀಮೆಯ ಅದಿರು ಬಹುಪಾಲು ತುಮಕೂರಿಗೆ ಬರುವುದಿಲ್ಲ. ಮಂಗಳೂರು ಬಂದರಿಗೆ ಹೋಗುವ ಅದಿರು ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಮೇಲೆ ಹಾಸನಕ್ಕಿಳಿದು ಸಕಲೇಶಪುರದ ಘಾಟಿ ಹಿಡಿಯುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಆ 55 ಕಿ.ಮೀ. ಒಂದು ಬೇರೆಯೇ ಕಥೆ: 57 ಸುರಂಗ, 50 ಅಡಿ ಸಾಗಿದರೆ ಒಂದು ಅಡಿ ಏರುವ ಚಡಾವು, ಹಿಂದಿನಿಂದ ದೂಡುವ ಎಂಜಿನ್ನು, ಆಮೆಯ ನಡಿಗೆ. ಅಲ್ಲಿ ಸಿಕ್ಕಿಬಿದ್ದ ಗಾಡಿಯ ತಡ ಹಾಸನ, ಕುಣಿಗಲ್ ದಾಟಿ ಬೆಂಗಳೂರಿನವರೆಗೂ ಬರುತ್ತದೆ.

ಒಂದು ಸರಕು ಮಾತ್ರ ಹಳಿಯ ತಂಟೆಗೇ ಬರದೆ ಪಾರಾಯಿತು. ಹಾಸನ–ಮಂಗಳೂರು ದಾರಿಯನ್ನು ಬ್ರಾಡ್ ಗೇಜ್ ಮಾಡಲು 1996ರಲ್ಲಿ ಮುಚ್ಚಿದವರು ಮತ್ತೆ ಗೂಡ್ಸ್ ಓಡಿಸಿದ್ದು 2006ರಲ್ಲಿ, ಪ್ರಯಾಣಿಕರ ಗಾಡಿ ಬಿಟ್ಟದ್ದು 2007ರ ಡಿಸೆಂಬರಿನಲ್ಲಿ. ಈ ಹತ್ತು ವರ್ಷದ ಸಂದಿಯಲ್ಲೇ, 2003ರಲ್ಲಿ, ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಪೆಟ್ರೋಲಿಯಂ ಕೊಳವೆ ಮಾರ್ಗ ಬಂತು. ಅಷ್ಟೂ ಡೀಸೆಲ್ಲು ಪೆಟ್ರೋಲು ಟ್ಯಾಂಕರ್ ವ್ಯಾಗನ್‌ಗಳಲ್ಲೇ ಬರುತ್ತಿದ್ದರೆ ಕುಣಿಗಲ್ ದಾರಿಯ ಇವತ್ತಿನ ಗತಿ ಏನಾಗುತ್ತಿತ್ತು ಎಂದು ಊಹಿಸಿಕೊಳ್ಳಬಹುದು.

ಇನ್ನು ಇಕ್ಕಟ್ಟು ಹೇಗೆ ಹುಟ್ಟುತ್ತದೆ ಎಂಬುದು. ಗುಬ್ಬಿ ನಿಲ್ದಾಣದಲ್ಲಿ ಒಂದು ಗೂಡ್ಸ್ ಗಾಡಿಯನ್ನು ಪಕ್ಕಕ್ಕೆ ಹಾಕುವುದನ್ನು ನಿಂತು ನೋಡಿದರೆ ಮುಕ್ಕಾಲು ಪಾಲು ಅರ್ಥವಾಗುತ್ತದೆ. ಹಿಂದಿನಿಂದ ಎಕ್ಸ್‌ಪ್ರೆಸ್ ಬರುತ್ತಿದೆ, ಮುಂದಿರುವ ಗೂಡ್ಸನ್ನು ಮುಖ್ಯ ಹಳಿಯಿಂದ ಲೂಪ್ ಲೈನಿಗೆ ತಿರುಗಿಸಬೇಕು. ತಿರುವಿನಲ್ಲಿ ವೇಗ ಗಂಟೆಗೆ 30 ಕಿ.ಮೀ. ಮೀರುವಂತಿಲ್ಲ. ಹಳೆಯ ಮಾದರಿಯ ಪಾಯಿಂಟ್ಸ್ ಇದ್ದಲ್ಲಿ 15. ಪೂರ್ತಿ ಗೂಡ್ಸ್ ರೇಕು ಎಂದರೆ ಹತ್ತಿರ ಹತ್ತಿರ 700 ಮೀಟರ್ ಉದ್ದ, ತುಂಬಿದ್ದರೆ ಐದು ಸಾವಿರ ಟನ್ ತೂಕ. 30ರ ವೇಗದಲ್ಲಿ ಅದರ ಬಾಲ ಮುಖ್ಯ ಹಳಿ ಬಿಡಲು ಹತ್ತಿರ ಒಂದೂವರೆ ನಿಮಿಷ ಬೇಕು, 15ರ ವೇಗದಲ್ಲಿ ಮೂರು ನಿಮಿಷ. ವೇಗ ಇಳಿಸಿಕೊಳ್ಳಲು ಹಿಡಿದ ಹೊತ್ತು ಬೇರೆ. ಕೊನೆಯ ವ್ಯಾಗನ್ನಿನ ಹಿಂದೆ ತಗುಲಿಸಿದ ‘ಎಲ್‌ವಿ’ ಹಲಗೆ ಕಂಡರೆ ಗಾಡಿ ತುಂಡಾಗದೆ ಪೂರ್ತಿ ಒಳಗೆ ಬಂದಿದೆ ಎಂದರ್ಥ. ಆ ಕೆಲಸವನ್ನು ಈಗ ಬಹಳ ಕಡೆ ಹಳಿಗೆ ಕೂಡಿಸಿದ ಆಕ್ಸಲ್ ಕೌಂಟರ್ ಮಾಡುತ್ತದೆ. ಆಮೇಲೆ ಪಾಯಿಂಟ್ಸ್ ನೇರಕ್ಕೆ ತಿರುಗಬೇಕು, ಮುಂದಿನ ನಿಲ್ದಾಣದಿಂದ ದಾರಿ ಖಾಲಿ ಎಂಬ ಒಪ್ಪಿಗೆ ಬರಬೇಕು, ಊರೊಳಗೆ ಗೇಟಿದ್ದರೆ ಅದು ಮುಚ್ಚಿರಬೇಕು. ಗೇಟು ಮುಚ್ಚದೆ ಸಿಗ್ನಲ್ ಬೀಳುವುದಿಲ್ಲ. ಬೈಕಿನವನೊಬ್ಬ ಅಡ್ಡಗಂಬದ ಕೆಳಗೆ ನುಸುಳಲು ಹೋದರೆ ಅವನಿಗೆ ಉಳಿದ ಅರ್ಧ ನಿಮಿಷ ಸಾವಿರ ಜನರ ಲೆಕ್ಕಕ್ಕೆ ಖರ್ಚಾಗುತ್ತದೆ. ಎಕ್ಸ್‌ಪ್ರೆಸ್ ದಾಟಿತು ಎನ್ನೋಣ. ಈಗ ಗೂಡ್ಸ್ ಹೊರಡಬೇಕು. ನಿಂತಲ್ಲಿಂದ ಐದು ಸಾವಿರ ಟನ್ ಎಳೆದು ವೇಗ ಹಿಡಿಸುವುದು ಎರಡು ಮೂರು ನಿಮಿಷದ ಮಾತಲ್ಲ. ಅಷ್ಟರಲ್ಲಿ ಅದರ ಹಿಂದೆ ಇನ್ನೊಂದು ಪ್ರಯಾಣಿಕರ ಗಾಡಿ ಬಂದಿದ್ದರೆ ಗೂಡ್ಸ್ ಅಲ್ಲೇ ಮಲಗಿತು. ಭಾರತದ ಗೂಡ್ಸ್ ಗಾಡಿಗಳ ಸರಾಸರಿ ವೇಗ ಬಹುಕಾಲ ಗಂಟೆಗೆ 25 ಕಿ.ಮೀ. ಆಸುಪಾಸಿನಲ್ಲೇ ಉಳಿದದ್ದು ಎಂಜಿನ್ನಿನ ಬಲ ಸಾಲದೆ ಅಲ್ಲ, ಹೀಗೆ ಮಲಗಿ ಮಲಗಿ.

ಒಂದು ದಾರಿಯ ಮೇಲೆ ದಿನಕ್ಕೆ ಎಷ್ಟು ಗಾಡಿ ಓಡಿಸಬಹುದು ಎಂಬುದಕ್ಕೆ ರೈಲ್ವೆಯವರಲ್ಲಿ ಸ್ಕಾಟ್ ಸೂತ್ರ ಎಂಬ ಹಳೆಯ ಲೆಕ್ಕವಿದೆ. ದಿನದ 1,440 ನಿಮಿಷವನ್ನು ಎರಡು ಅಂಕಿಗಳ ಮೊತ್ತದಿಂದ ಭಾಗಿಸಬೇಕು. ಒಂದು, ಎರಡು ನಿಲ್ದಾಣಗಳ ನಡುವಿನ ಅತಿ ಉದ್ದದ ತುಂಡನ್ನು ಅತಿ ನಿಧಾನದ ಗಾಡಿ ದಾಟಲು ಬೇಕಾದ ನಿಮಿಷ. ಎರಡು, ಸಿಗ್ನಲ್ ಮತ್ತು ಒಪ್ಪಿಗೆಗೆ ಬೇಕಾದ ನಿಮಿಷ. ಬಂದ ಉತ್ತರದಲ್ಲಿ ಶೇ 70 ಮಾತ್ರ ಕೈಗೆ ಸಿಗುವುದು ಎಂದು ಹಿಡಿಯುತ್ತಾರೆ. ಉದಾಹರಣೆಗೆ, ಒಂದೇ ಹಳಿಯ ದಾರಿಯಲ್ಲಿ ಗೂಡ್ಸ್ ಒಂದು ತುಂಡನ್ನು ದಾಟಲು 12 ನಿಮಿಷ, ಉಳಿದ ಕೆಲಸಕ್ಕೆ 6 ನಿಮಿಷ ಎಂದಾದರೆ ಎರಡೂ ದಿಕ್ಕು ಸೇರಿ ದಿನಕ್ಕೆ 56 ಗಾಡಿ. ಆ 12 ನಿಮಿಷವನ್ನು 8ಕ್ಕೆ ಇಳಿಸಿದರೆ 72. ಎಷ್ಟು ನೂರು ಕಿಲೋಮೀಟರ್ ಹಳಿ ಹಾಸಿದ್ದೀರಿ ಎಂಬುದನ್ನು ಸೂತ್ರ ಕೇಳುವುದೇ ಇಲ್ಲ. ಅದು ಕೇಳುವುದು ಎಲ್ಲಕ್ಕಿಂತ ಕೆಟ್ಟ ತುಂಡು ಯಾವುದು ಎಂದು ಮಾತ್ರ.

ಜೋಡಿ ಹಳಿಯಲ್ಲಿ ಎದುರಿನ ಗಾಡಿಯ ಕಾಟ ಇಲ್ಲ, ಹಿಂದಿನ ಗಾಡಿಯದೇ ಕಾಟ. ನಿಲ್ಲದೆ ಓಡುವ ಗಾಡಿ ತುಮಕೂರಿನಿಂದ ಯಶವಂತಪುರಕ್ಕೆ ಮುಕ್ಕಾಲು ಗಂಟೆಯಲ್ಲಿ ಬರಬಲ್ಲದು ಎಂದಿಟ್ಟುಕೊಳ್ಳಿ. ಕ್ಯಾತ್ಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆ, ನಿಡವಂದ, ಮುದ್ದಲಿಂಗನಹಳ್ಳಿ, ದೊಡ್ಡಬೆಲೆ, ಗೊಲ್ಲಹಳ್ಳಿ, ಸೋಲದೇವನಹಳ್ಳಿ ಎಂದು ನಿಂತು ನಿಂತು ಬರುವ ಮೆಮು ಎಂಬ ವಿದ್ಯುತ್ ಲೋಕಲ್ ಗಾಡಿಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಮೆಮು ಹೊರಟ ಮೇಲೆ ಮುಕ್ಕಾಲು ಗಂಟೆಯೊಳಗೆ ಎಕ್ಸ್‌ಪ್ರೆಸ್ ಹೊರಟರೆ ನಡುವೆ ಎಲ್ಲೋ ಮೆಮು ಲೂಪಿಗೆ ಹೋಗಲೇಬೇಕು. ಎರಡೆರಡು ಎಕ್ಸ್‌ಪ್ರೆಸ್ ಬಂದರೆ ಎರಡೆರಡು ಸಲ. ಬೆಳಗಿನ ಹೊತ್ತು ಬೆಂಗಳೂರಿಗೆ ಬರುವ ರಾತ್ರಿ ಗಾಡಿಗಳ ಸಾಲು, ಆಫೀಸಿನವರ ಗಾಡಿ, ಎರಡೂ ಒಂದೇ ಸಮಯಕ್ಕೆ ಬೀಳುತ್ತವೆ. ಆಫೀಸಿನ ರಿಜಿಸ್ಟರಿಗೆ ಕ್ರಾಸಿಂಗ್ ಅರ್ಥವಾಗುವುದಿಲ್ಲ ಎಂಬ ಪಾಸಿನವರ ಸಂಕಟ ಬರುವುದು ಇಲ್ಲಿಂದ.

ಯಾವ ಗಾಡಿಗೆ ಮೊದಲ ಮರ್ಯಾದೆ ಎಂಬುದಕ್ಕೆ ನಿಯಮ ಇದೆ. ಅಪಘಾತದ ಸ್ಥಳಕ್ಕೆ ಹೊರಟ ಪರಿಹಾರದ ಗಾಡಿ ಎಲ್ಲಕ್ಕಿಂತ ಮುಂದೆ. ಆಮೇಲೆ ಗಣ್ಯರ ವಿಶೇಷ ಗಾಡಿ, ರಾಜಧಾನಿ, ಶತಾಬ್ದಿಯಂಥವು, ಸೂಪರ್‌ಫಾಸ್ಟ್, ಮೇಲ್ ಮತ್ತು ಎಕ್ಸ್‌ಪ್ರೆಸ್, ಪ್ಯಾಸೆಂಜರ್, ಕೊನೆಗೆ ಗೂಡ್ಸ್. ಉಪನಗರ ರೈಲು ಎಂದು ಘೋಷಿಸಿದ ದಾರಿಗಳಲ್ಲಿ ಜನಜಂಗುಳಿಯ ಹೊತ್ತು ಆ ಗಾಡಿಗಳಿಗೆ ಮುಂಚೂಣಿಯ ಸ್ಥಾನ ಉಂಟು. ತುಮಕೂರಿನ ದಾರಿಗೆ ಆ ಭಾಗ್ಯ ಇಲ್ಲ. ದಿನಗೂಲಿಯವನಿಂದ ಹಿಡಿದು ಸಾಫ್ಟ್‌ವೇರಿನವನವರೆಗೆ ಇಡೀ ಊರೇ ಬೆಂಗಳೂರಿಗೆ ಓಡಾಡುತ್ತಿದ್ದರೂ ಕಾಗದದ ಮೇಲೆ ಇದು ಉಪನಗರ ಮಾರ್ಗವಲ್ಲ. ಹಾಗಾಗಿ ಮೆಮುವಿನ ಸ್ಥಾನ ಕೆಳಗಿನಿಂದ ಎರಡನೆಯದು. ಗೂಡ್ಸ್ ಅದಕ್ಕೂ ಕೆಳಗೆ, ಆದರೆ ರೈಲ್ವೆಯ ಆದಾಯದಲ್ಲಿ ಸರಿಸುಮಾರು ಮೂರನೇ ಎರಡು ಪಾಲು ತರುವುದು ಅದೇ. ಅನ್ನ ಹಾಕುವವನನ್ನು ಪೂರ್ತಿ ಹೊರಗೆ ನಿಲ್ಲಿಸಲು ಯಾವ ಕಂಟ್ರೋಲ್ ರೂಮಿನವರಿಗೂ ಧೈರ್ಯ ಬರುವುದಿಲ್ಲ. ತಿಂಗಳ ಕೊನೆಗೆ ಲೋಡಿಂಗ್ ಗುರಿ ಮುಟ್ಟಬೇಕಾದಾಗಲಂತೂ ಇನ್ನೂ ಇಲ್ಲ.

ಇದರ ಮೇಲೆ ಗಡಿ ಬೇರೆ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈರುತ್ಯ ರೈಲ್ವೆಗೆ ಮೂರು ವಿಭಾಗ: ಹುಬ್ಬಳ್ಳಿ, ಮೈಸೂರು, ಬೆಂಗಳೂರು. ತುಮಕೂರು ಬೆಂಗಳೂರು ವಿಭಾಗದ್ದು, ಗುಬ್ಬಿ ಮೈಸೂರು ವಿಭಾಗದ್ದು. ಇಪ್ಪತ್ತು ಕಿಲೋಮೀಟರ್ ಅಂತರದ ಎರಡು ಊರು, ಎರಡು ಕಂಟ್ರೋಲ್. ಗಡಿಯಲ್ಲಿ ಗಾಡಿ ಕೈ ಬದಲಿಸುವಾಗ ಎಷ್ಟು ಹೊತ್ತಿಗೆ ಒಪ್ಪಿಸಿದರು ಎಂಬ ಲೆಕ್ಕ ಮುಖ್ಯವಾಗುತ್ತದೆ, ಒಳಗೆ ಕೂತ ಪ್ರಯಾಣಿಕ ಆ ಲೆಕ್ಕದಲ್ಲಿ ಬರುವುದಿಲ್ಲ. ಗುಬ್ಬಿಯವರು ನಿಲುಗಡೆ ಕೇಳಿ ಮನವಿ ಕೊಡುವುದು ಒಂದು ವಿಭಾಗಕ್ಕೆ, ಆ ನಿಲುಗಡೆಯಿಂದ ತಡವಾಗುವ ಗಾಡಿಯನ್ನು ಬೆಂಗಳೂರಿನಲ್ಲಿ ಒಳಕ್ಕೆ ಬಿಟ್ಟುಕೊಳ್ಳಬೇಕಾದದ್ದು ಇನ್ನೊಂದು. ಒಂದು ನಿಮಿಷದ ನಿಲುಗಡೆ ಎಂದರೆ ವೇಗ ಇಳಿಸಿ ಮತ್ತೆ ಏರಿಸುವುದು ಸೇರಿ ಐದಾರು ನಿಮಿಷ. ಅಷ್ಟನ್ನೂ ಒಪ್ಪುತ್ತೇನೆ. ಆದರೂ ಜೋಡಿ ಹಳಿ ಹಾಸಲು ಜಮೀನು ಕೊಟ್ಟ ಊರಿನ ಮುಂದೆಯೇ ಗಾಡಿಗಳು ಸದ್ದು ಮಾಡಿಕೊಂಡು ಹಾದುಹೋಗುವುದು, ಹತ್ತಬೇಕಾದವರು ಬಸ್ ಹಿಡಿದು ತುಮಕೂರಿಗೆ ಬರುವುದು ನ್ಯಾಯವಾಗಿ ಕಾಣುವುದಿಲ್ಲ. ನಿಟ್ಟೂರು, ಸಂಪಿಗೆ ರೋಡ್, ಬಾಣಸಂದ್ರ, ಕರಡಿಯವರ ಪಾಡೂ ಹೀಗೇ.

ಕುಣಿಗಲ್‌ನ ಕಥೆ ಬೇರೆ. ಹಾಸನ–ಬೆಂಗಳೂರು ನೇರ ಮಾರ್ಗಕ್ಕೆ ಚಾಲನೆ ಸಿಕ್ಕಿದ್ದು 1996ರಲ್ಲಿ, ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ. ಬಾಹುಬಲಿಯ ಮಹಾಮಸ್ತಕಾಭಿಷೇಕದ ಹೊತ್ತಿಗೆ, 2006ರಲ್ಲಿ, ಹಾಸನದಿಂದ ಶ್ರವಣಬೆಳಗೊಳದವರೆಗೆ ಗಾಡಿ ಓಡಿತು. ಉಳಿದ ದಾರಿ ಮುಗಿದು ಇಡೀ ಮಾರ್ಗ ತೆರೆದುಕೊಳ್ಳಲು 2017ರ ಮಾರ್ಚ್ 26 ಬರಬೇಕಾಯಿತು. ಇಪ್ಪತ್ತೊಂದು ವರ್ಷ. ಅದಕ್ಕೆ ಮೊದಲು ಬೆಂಗಳೂರಿನಿಂದ ರೈಲಿನಲ್ಲಿ ಹಾಸನಕ್ಕೆ ಹೋಗುವವರು ಅರಸೀಕೆರೆಯನ್ನೋ ಮೈಸೂರನ್ನೋ ಸುತ್ತಬೇಕಿತ್ತು. ಹೊಸ ಹಳಿ ಬಂದದ್ದೇ ಮಂಗಳೂರು, ಕಾರವಾರದ ಕಡೆಯ ಗಾಡಿಗಳು ಕುಣಿಗಲ್ ದಾರಿ ಹಿಡಿದವು. ದೂರ ಕಡಿಮೆಯಾಯಿತು, ಸರಿ. ಆದರೆ ಅರಸೀಕೆರೆ ಮೇಲೆ ಕರಾವಳಿಗೆ ಹೋಗುತ್ತಿದ್ದ ಗಾಡಿಗಳು ಕೈತಪ್ಪಿದ್ದು ತುಮಕೂರು, ತಿಪಟೂರಿನವರಿಗೆ. ಅವರಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ನಡೆದುಕೊಳ್ಳುವ ಮನೆಗಳು ಎಷ್ಟಿಲ್ಲ. ಗಾಡಿಯನ್ನು ಪಡೆದ ಕುಣಿಗಲ್‌ನವರಿಗಾದರೂ ಲಾಭವಾಯಿತೇ ಎಂದರೆ ಅದೂ ಅಷ್ಟಕ್ಕಷ್ಟೇ. ದೂರದ ಗಾಡಿಗಳ ವೇಳೆ ಬೆಂಗಳೂರಿಗೂ ಮಂಗಳೂರಿಗೂ ಹೊಂದಿಸಿದ್ದು, ಕುಣಿಗಲ್‌ನ ಕಚೇರಿ ವೇಳೆಗಲ್ಲ. ದಾರಿ ಒಂಟಿ ಹಳಿ. ಸೋಲೂರು, ಎಡೆಯೂರು, ಬಿ.ಜಿ. ನಗರ ಎಂದು ಎದುರು ಗಾಡಿಗೆ ಕಾಯುವ ಜಾಗಗಳು ಬೆರಳೆಣಿಕೆಯವು. ಬೆಳಗ್ಗೆ ಬೆಂಗಳೂರು ಕಡೆಗೆ ಒಂದು ಲೋಕಲ್ ಹೆಚ್ಚಿಗೆ ಬಿಡಬೇಕಾದರೆ ಎದುರಿನಿಂದ ಬರುವ ಒಂದನ್ನು ಎಲ್ಲೋ ನಿಲ್ಲಿಸಬೇಕು. ಕುಣಿಗಲ್‌ನವರು ಹೆದ್ದಾರಿಗೆ ಹೋಗಿ ಬಸ್ಸಿಗೆ ಕೈ ಅಡ್ಡ ಹಾಕುವುದನ್ನು ಬಿಟ್ಟಿಲ್ಲ.

ಇನ್ನೊಂದು ಸೋಜಿಗ. ಕುಣಿಗಲ್ ಇರುವುದು ತುಮಕೂರು ಜಿಲ್ಲೆಯಲ್ಲಿ. ತಾಲ್ಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ ರಸ್ತೆಯಲ್ಲಿ ಒಂದು ಗಂಟೆಯೂ ಬೇಡ. ರೈಲಿನಲ್ಲೇ ಹೋಗುತ್ತೇನೆಂದು ಹಟ ಹಿಡಿದವರು ಬೆಂಗಳೂರಿನ ಬಾಗಿಲವರೆಗೆ ಹೋಗಿ, ಚಿಕ್ಕಬಾಣಾವರದಲ್ಲಿ ಇಳಿದು, ಇನ್ನೊಂದು ಗಾಡಿ ಹಿಡಿದು ವಾಪಸ್ ಬರಬೇಕು.

ಚಿಕ್ಕಬಾಣಾವರ ಬಂತಲ್ಲ, ಇನ್ನು ಅದನ್ನೇ ನೋಡೋಣ. ಹುಬ್ಬಳ್ಳಿ, ಅರಸೀಕೆರೆ, ತುಮಕೂರಿನ ಕಡೆಯ ಜೋಡಿ ಹಳಿ ಇಲ್ಲಿಗೆ ಬರುತ್ತದೆ. ಹಾಸನ, ಕುಣಿಗಲ್, ನೆಲಮಂಗಲದ ಒಂಟಿ ಹಳಿಯೂ ಇಲ್ಲಿಗೇ ಬಂದು ಸೇರುತ್ತದೆ. ಇಲ್ಲಿಂದ ಯಶವಂತಪುರಕ್ಕೆ ಹತ್ತು ಕಿ.ಮೀ. ಒಳಗಿನ ಒಂದು ಜೋಡಿ ಹಳಿ. ಕುಣಿಗಲ್ ಮಾರ್ಗವನ್ನು ತುಮಕೂರು ಮಾರ್ಗದ ಹೊರೆ ಇಳಿಸುವ ಪರ್ಯಾಯ ಎಂದೇ ಹೇಳಿದ್ದರು. ಚಿಕ್ಕಬಾಣಾವರದಾಚೆಗೆ ಅದು ನಿಜ. ಈಚೆಗೆ ಎರಡೂ ಒಂದೇ ಗಂಟಲಿಗೆ ಬಂದು ಬೀಳುತ್ತವೆ. ಹಳಿಗಳು ಒಂದೇ ಮಟ್ಟದಲ್ಲಿ ಕೂಡುವ ಜಂಕ್ಷನ್‌ನಲ್ಲಿ ಒಂದು ದಿಕ್ಕಿನಿಂದ ಬಂದ ಗಾಡಿ ಇನ್ನೊಂದು ದಿಕ್ಕಿನ ಹಳಿಯನ್ನು ಅಡ್ಡ ಹಾಯ್ದೇ ತನ್ನ ಹಳಿಗೆ ಸೇರಬೇಕು. ಆ ಒಂದೆರಡು ನಿಮಿಷ ಎರಡೂ ಕಡೆ ಬಂದ್. ಹೀಗೆ ದಾಟಿ ಬಂದ ಗಾಡಿಗಳಿಗೆ ಯಶವಂತಪುರದಲ್ಲಿ ಪ್ಲಾಟ್‌ಫಾರ್ಮ್ ಖಾಲಿ ಇರಬೇಕು. ಅಲ್ಲಿ ಯಲಹಂಕದ ದಾರಿ, ಹೆಬ್ಬಾಳದ ಮೇಲೆ ಬಾಣಸವಾಡಿಗೆ ಹೋಗುವ ದಾರಿ, ಬೆಂಗಳೂರು ಮುಖ್ಯ ನಿಲ್ದಾಣದ ದಾರಿ ಎಲ್ಲ ಸೇರುತ್ತವೆ. ವೈಟ್‌ಫೀಲ್ಡ್ ಕಡೆಯ ಕಂಟೇನರ್ ಗೂಡ್ಸ್ ಕೂಡ ಇದೇ ಅಂಗಳವನ್ನು ಹಾದೇ ಹೋಗಬೇಕು. ಹುಬ್ಬಳ್ಳಿಯಿಂದ ಸಮಯಕ್ಕೆ ಸರಿಯಾಗಿ ಬಂದ ಗಾಡಿಯನ್ನು ಔಟರ್‌ನಲ್ಲಿ ನಿಲ್ಲಿಸುವವರು ನಾಲ್ಕುನೂರು ಕಿಲೋಮೀಟರ್ ಹಳಿಯ ಯೋಗ್ಯತೆಯನ್ನು ಈ ಹತ್ತು ಕಿಲೋಮೀಟರಿನಲ್ಲಿ ಕಳೆಯುತ್ತಾರೆ. ಸ್ಕಾಟ್ ಸೂತ್ರ ಹೇಳಿದ ಕೆಟ್ಟ ತುಂಡು ಇದೇ ಎಂಬುದು ನನ್ನ ತೀರ್ಮಾನ.

ಮುಂದೆ ಬರಲಿರುವುದನ್ನು ನೋಡಿದರೆ ಈಗಿನದು ಏನೂ ಅಲ್ಲ. ತುಮಕೂರು–ರಾಯದುರ್ಗ ಮಾರ್ಗ, 207 ಕಿ.ಮೀ., ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ. ತುಮಕೂರು–ದಾವಣಗೆರೆ ನೇರ ಮಾರ್ಗ, 191 ಕಿ.ಮೀ., ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ. ಬಯಲುಸೀಮೆಯ ಜನ ತಲೆಮಾರುಗಳಿಂದ ಕಾದಿರುವ ದಾರಿಗಳು ಇವು, ಆಗಲೇಬೇಕು. ದಾವಣಗೆರೆ ಮಾರ್ಗ ಮುಗಿದರೆ ಬೆಂಗಳೂರು–ಹುಬ್ಬಳ್ಳಿ ಗಾಡಿಗಳಿಗೆ ಅರಸೀಕೆರೆಯ ಸುತ್ತು ತಪ್ಪಿ ಸುಮಾರು 65 ಕಿ.ಮೀ. ಉಳಿಯುತ್ತದೆ. ರಾಯದುರ್ಗ ಮಾರ್ಗ ಮುಗಿದರೆ ಬಳ್ಳಾರಿಯ ಗಣಿ ಮತ್ತು ಉಕ್ಕಿನ ಸೀಮೆ ತುಮಕೂರಿಗೆ ನೇರ ಅಂಟಿಕೊಳ್ಳುತ್ತದೆ. ಅಂದರೆ ಇಷ್ಟು ದಿನ ಬೇರೆ ದಾರಿ ನೋಡಿಕೊಳ್ಳುತ್ತಿದ್ದ ಗೂಡ್ಸ್ ಇತ್ತ ತಿರುಗುತ್ತದೆ. ಎರಡೂ ಹೊಸ ಮಾರ್ಗ ಬಂದು ಮುಟ್ಟುವುದು ತುಮಕೂರನ್ನು. ಅಲ್ಲಿಂದ ಬೆಂಗಳೂರಿಗೆ? ಅದೇ ಹಳೆಯ ಜೋಡಿ ಹಳಿ. ಮದುವೆ ಛತ್ರಕ್ಕೆ ನಾಲ್ಕು ಹೆಬ್ಬಾಗಿಲು ಇಟ್ಟು ಊಟದ ಮನೆಗೆ ಒಂದೇ ಕಿರುಬಾಗಿಲು ಬಿಟ್ಟ ಹಾಗೆ.

ಈ ಜೋಡಿ ಹಳಿಯ ಪಕ್ಕದಲ್ಲೇ, ದಾಬಸ್‌ಪೇಟೆ ಹತ್ತಿರದ ಮುದ್ದಲಿಂಗನಹಳ್ಳಿಯಲ್ಲಿ, 400 ಎಕರೆಯ ಬಹುಮಾದರಿ ಸರಕು ಸಾಗಣೆ ಪಾರ್ಕ್ ಬರುತ್ತಿದೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರಿನ ಭಾಗವಾಗಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಸರಕು ಇವುಗಳಿಂದ ಹೆಚ್ಚುತ್ತದೆ, ಓಡಾಡುವ ಜನವೂ ಹೆಚ್ಚುತ್ತಾರೆ. ಪ್ರಯಾಣಿಕರ ಕಡೆಯಿಂದಲೂ ಒತ್ತಡ ಸುಮ್ಮನಿಲ್ಲ. ಧಾರವಾಡದ ವಂದೇ ಭಾರತ್ 2023ರ ಜೂನ್‌ನಲ್ಲಿ ಬಂತು, ಬೆಳಗಾವಿಯದು 2025ರ ಆಗಸ್ಟ್‌ನಲ್ಲಿ. ತುಮಕೂರಿನ ಸಂಸದ ವಿ. ಸೋಮಣ್ಣ ರೈಲ್ವೆ ರಾಜ್ಯ ಸಚಿವರಾದ ಮೇಲೆ 2024ರ ಸೆಪ್ಟೆಂಬರ್‌ನಲ್ಲಿ ಯಶವಂತಪುರ–ತುಮಕೂರು ಮೆಮು ಶುರುವಾಯಿತು. ಒಳ್ಳೆಯದೇ. ಆದರೆ ಹಳಿ ಹೆಚ್ಚಲಿಲ್ಲ, ಗಾಡಿ ಹೆಚ್ಚಿತು. ಹೊಸ ಗಾಡಿಗೆ ಹಸಿರು ಬಾವುಟ ತೋರಿಸುವುದಕ್ಕೆ ಒಂದು ದಿನ ಸಾಕು, ಹಳಿ ಹಾಸುವುದಕ್ಕೆ ಹತ್ತು ವರ್ಷ ಬೇಕು. ಫೋಟೊ ಬರುವುದು ಮೊದಲನೆಯದಕ್ಕೆ.

ಬೇರೆಯವರು ಏನು ಮಾಡಿದ್ದಾರೆ? ಅಮೆರಿಕದಲ್ಲಿ ಗಂಟು ಉಲ್ಟಾ. ಅಲ್ಲಿ ಹಳಿಯ ಬಹುಪಾಲು ಖಾಸಗಿ ಗೂಡ್ಸ್ ಕಂಪನಿಗಳದ್ದು, 1971ರಲ್ಲಿ ಹುಟ್ಟಿದ ಆಮ್‌ಟ್ರಾಕ್ ಅವರ ಹಳಿಯ ಮೇಲೆ ಪ್ರಯಾಣಿಕರ ಗಾಡಿ ಓಡಿಸುತ್ತದೆ. ಪ್ರಯಾಣಿಕರ ಗಾಡಿಗೇ ಮೊದಲ ದಾರಿ ಎಂದು 1973ರಿಂದ ಕಾನೂನೇ ಇದೆ, ಆದರೂ ಲೂಪಿನಲ್ಲಿ ಹಿಡಿಸದಷ್ಟು ಉದ್ದದ ಗೂಡ್ಸ್ ಎದುರು ಬಂದರೆ ಪಕ್ಕಕ್ಕೆ ಸರಿಯುವುದು ಆಮ್‌ಟ್ರಾಕೇ. 2024ರಲ್ಲಿ ಅಲ್ಲಿನ ಸರ್ಕಾರ ಇದೇ ಕಾರಣಕ್ಕೆ ನಾರ್ಫಕ್ ಸದರ್ನ್ ಎಂಬ ಕಂಪನಿಯನ್ನು ನ್ಯಾಯಾಲಯಕ್ಕೆ ಎಳೆಯಿತು. ನಮ್ಮಲ್ಲಿ ಹಳಿಯೂ ಗಾಡಿಯೂ ಗೂಡ್ಸೂ ಒಬ್ಬರದೇ, ಹಾಗಾಗಿ ಮೊಕದ್ದಮೆ ಹಾಕಲು ಎದುರುಪಕ್ಷವೇ ಇಲ್ಲ. ನಮಗೆ ಕಲಿಯಲು ಇರುವುದು ಷಿಕಾಗೊದಿಂದ. ಹತ್ತಾರು ಮಾರ್ಗ ಒಂದೇ ಊರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದಾಗ 2003ರಲ್ಲಿ ಊರು, ರಾಜ್ಯ, ಗೂಡ್ಸ್ ಕಂಪನಿ, ಪ್ರಯಾಣಿಕ ರೈಲು ಎಲ್ಲ ಕೂತು ‘ಕ್ರಿಯೇಟ್’ ಎಂಬ ಯೋಜನೆ ಹಾಕಿಕೊಂಡರು. ಅವರು ಕೈ ಹಚ್ಚಿದ್ದು ಹಳಿಗಳು ಒಂದನ್ನೊಂದು ಅಡ್ಡ ಹಾಯುವ ಜಾಗಗಳಿಗೆ, ಅಲ್ಲಲ್ಲಿ ಒಂದು ಹಳಿಯನ್ನು ಸೇತುವೆಯ ಮೇಲೆತ್ತಿ. ಉತ್ತರ, ಪಶ್ಚಿಮ ಭಾರತದಲ್ಲಿ ಗೂಡ್ಸ್‌ಗೇ ಮೀಸಲಾದ ಎರಡು ಕಾರಿಡಾರ್‌ಗಳು, ಪೂರ್ವದ್ದು 1,337 ಕಿ.ಮೀ., ಪಶ್ಚಿಮದ್ದು 1,506 ಕಿ.ಮೀ., ಹಳೆಯ ಹಳಿಗಳ ಹೊರೆ ಇಳಿಸಿವೆ. ಅಂಥದ್ದು ಕರ್ನಾಟಕಕ್ಕೆ ಹತ್ತಿರದಲ್ಲಿ ಕಾಣುತ್ತಿಲ್ಲ.

ನಮ್ಮ ಮುಂದಿರುವ ಪರಿಹಾರಗಳಲ್ಲಿ ದೊಡ್ಡದು 287 ಕಿ.ಮೀ. ಬೆಂಗಳೂರು ವೃತ್ತ ರೈಲಿನ ಪ್ರಸ್ತಾವ. ನಿಡವಂದದಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಮಾಲೂರು, ಹೀಲಳಿಗೆ, ಹೆಜ್ಜಾಲ, ಸೋಲೂರು ಸುತ್ತಿ ಮತ್ತೆ ನಿಡವಂದಕ್ಕೆ. ನಿಡವಂದ ತುಮಕೂರು ಮಾರ್ಗದ ಮೇಲಿದೆ, ಸೋಲೂರು ಕುಣಿಗಲ್ ಮಾರ್ಗದ ಮೇಲೆ. ಈ ಎರಡರ ನಡುವಿನ ತುಂಡೊಂದನ್ನು ಮೊದಲು ಮಾಡಿದರೂ ಎರಡೂ ಮಾರ್ಗ ಬೆಂಗಳೂರನ್ನು ಮುಟ್ಟದೆ ಕೈ ಕುಲುಕುತ್ತವೆ. ಕುಣಿಗಲ್–ತುಮಕೂರು ರೈಲು ಆಗಲೇ ಸಾಧ್ಯ, ತುಮಕೂರಿನವರಿಗೆ ಮಂಗಳೂರಿನ ಹೊಸ ದಾರಿಯೂ ಆಗಲೇ. ವೈಟ್‌ಫೀಲ್ಡ್ ಕಡೆಯ ಗೂಡ್ಸನ್ನು ನಿಡವಂದದಿಂದಲೇ ದೊಡ್ಡಬಳ್ಳಾಪುರದತ್ತ ತಿರುಗಿಸಿದರೆ ಯಶವಂತಪುರದ ಅಂಗಳಕ್ಕೆ ಉಸಿರು ಬರುತ್ತದೆ. ಇಡೀ ವೃತ್ತ ಒಟ್ಟಿಗೆ ಆಗಲಿ ಎಂದು ಕಾಯುತ್ತ ಕೂತರೆ ಇನ್ನೊಂದು ಇಪ್ಪತ್ತೊಂದು ವರ್ಷ.

ಉಪನಗರ ರೈಲಿನ ‘ಮಲ್ಲಿಗೆ’ ಮಾರ್ಗ ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ, ತನ್ನದೇ ಹಳಿಯ ಮೇಲೆ ಬರುತ್ತಿದೆ. ಅದು ಚಿಕ್ಕಬಾಣಾವರದಲ್ಲೇ ಕೊನೆಯಾಗುವುದರಿಂದ ತುಮಕೂರಿನ ಜನಕ್ಕೆ ಗಾಡಿ ಬದಲಿಸುವ ಜಾಗ ಒಂದು ಹೆಚ್ಚಾಗುತ್ತದೆಯೇ ಹೊರತು ದಾರಿ ಹೆಚ್ಚುವುದಿಲ್ಲ. ಮೆಟ್ರೊವನ್ನು ಮಾದಾವರದಿಂದ ತುಮಕೂರಿಗೆ ಎಳೆಯುವ ಮಾತಿನ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಐವತ್ತು ಕಿಲೋಮೀಟರಿಗೂ ಮೀರಿದ ದೂರವನ್ನು ಪ್ರತಿ ಎರಡು ಕಿಲೋಮೀಟರಿಗೆ ನಿಂತು ಕ್ರಮಿಸುವ ಗಾಡಿಗಿಂತ, ಅದೇ ದುಡ್ಡಿನ ಒಂದು ಪಾಲಿನಲ್ಲಿ ಹಳೆಯ ಹಳಿಯ ಪಕ್ಕ ಮೂರನೆಯ, ನಾಲ್ಕನೆಯ ಹಳಿ ಹಾಸುವುದು ಮೇಲು. ಗೂಡ್ಸ್ ಮತ್ತು ಮೆಮುಗೆ ಒಂದು ಜೋಡಿ, ಓಡುವ ಗಾಡಿಗಳಿಗೆ ಒಂದು ಜೋಡಿ.

ಹಳಿ ಬರುವವರೆಗೂ ಮಾಡಬಹುದಾದ ಸಣ್ಣ ಕೆಲಸಗಳಿವೆ. ನಿಲ್ದಾಣಗಳ ನಡುವೆ ಸ್ವಯಂಚಾಲಿತ ಸಿಗ್ನಲ್ ಹಾಕಿದರೆ ಒಂದು ಗಾಡಿ ಮುಂದಿನ ನಿಲ್ದಾಣ ಮುಟ್ಟುವವರೆಗೆ ಹಿಂದಿನದು ಕಾಯಬೇಕಿಲ್ಲ. ಉಪ್ಪಾರಹಳ್ಳಿಯಲ್ಲಿ ಮೇಲ್ಸೇತುವೆ ಬಂದ ಹಾಗೆ ಉಳಿದ ಗೇಟುಗಳಿಗೂ ಸೇತುವೆ ಬಂದರೆ ಸಿಗ್ನಲ್ ಬೇಗ ಬೀಳುತ್ತದೆ. ಬೆಳಗ್ಗೆ ಏಳರಿಂದ ಹತ್ತರವರೆಗೆ ಬೆಂಗಳೂರಿನ ದಿಕ್ಕಿಗೆ ತುಂಬಿದ ಗೂಡ್ಸ್ ಬಿಡುವುದಿಲ್ಲ ಎಂದು ಲಿಖಿತ ಕಟ್ಟುಪಾಡು ಹಾಕಿಕೊಳ್ಳಬಹುದು. ಅದಕ್ಕೆ ಗೂಡ್ಸ್ ನಿಲ್ಲಲು ಗುಬ್ಬಿ, ನಿಟ್ಟೂರಿನಂಥ ಕಡೆ ಉದ್ದದ ಲೂಪ್ ಬೇಕು. ತುಮಕೂರು–ಯಶವಂತಪುರವನ್ನು ಉಪನಗರ ಮಾರ್ಗ ಎಂದು ಘೋಷಿಸಲು ಒಂದು ಆದೇಶ ಸಾಕು, ಮೆಮು ಲೂಪಿಗೆ ಹೋಗುವ ಮೊದಲು ಕಂಟ್ರೋಲಿನವರು ಎರಡು ಸಲ ಯೋಚಿಸುತ್ತಾರೆ.

ಮುಂದಿನ ಸಲ ಯಾರಾದರೂ ವೇದಿಕೆ ಮೇಲೆ ನಿಂತು ತುಮಕೂರಿಗೆ ಇನ್ನೊಂದು ರೈಲು ತರುತ್ತೇನೆ ಎಂದರೆ ಚಪ್ಪಾಳೆಗೆ ಮುಂಚೆ ಒಂದು ಪ್ರಶ್ನೆ ಕೇಳಿ: ಬೆಳಗ್ಗೆ ಎಂಟೂವರೆಗೆ ಅದು ಚಿಕ್ಕಬಾಣಾವರವನ್ನು ಯಾವ ಹಳಿಯ ಮೇಲೆ ದಾಟುತ್ತದೆ? ರಾಯದುರ್ಗ, ದಾವಣಗೆರೆ ಮಾರ್ಗಗಳ ಗಾಡಿ ತುಮಕೂರು ಮುಟ್ಟುವ ಮೊದಲು ತುಮಕೂರು–ಯಶವಂತಪುರ ನಡುವೆ ನಾಲ್ಕು ಹಳಿ ಇರಬೇಕು. ಇಲ್ಲದಿದ್ದರೆ ಆ ಎರಡೂ ಮಾರ್ಗಗಳ ಜನ ಉಳಿಸಿದ ಹೊತ್ತನ್ನು ಸೋಲದೇವನಹಳ್ಳಿಯ ಲೂಪಿನಲ್ಲಿ ಕಳೆಯುತ್ತಾರೆ.